ವಿದೇಶಕ್ಕೆ ಹೊರಟ ಕೊಡಗಿನ ತರಬೇತುದಾರರಿಗೆ ಯಾವ ವೀಸಾ ಹೊಂದುತ್ತದೆ?

ಪೊನ್ನಂಪೇಟೆಯ ಟರ್ಫ್ ಮೈದಾನದಲ್ಲಿ ಬೆಳಗಿನ ಅಭ್ಯಾಸ ಮುಗಿದ ಮೇಲೆ ಇಬ್ಬರು ಯುವ ತರಬೇತುದಾರರು ತಮ್ಮ ಮೊಬೈಲಿನಲ್ಲಿದ್ದ ಎರಡು ಪತ್ರಗಳನ್ನು ನನಗೆ ತೋರಿಸಿದರು. ಒಂದು ಇಂಗ್ಲೆಂಡಿನ ಹಾಕಿ ಕ್ಲಬ್ಬಿನದು, ಇನ್ನೊಂದು ಆಸ್ಟ್ರೇಲಿಯದ ಕ್ಲಬ್ಬಿನದು. ಜೂನಿಯರ್ ತಂಡಗಳಿಗೆ ಕೋಚ್ ಆಗಿ ಬನ್ನಿ, ಉಳಿದುಕೊಳ್ಳಲು ಮನೆ ಕೊಡುತ್ತೇವೆ ಎಂದು ಎರಡೂ ಪತ್ರಗಳಲ್ಲಿತ್ತು. ಯಾವ ವೀಸಾದಲ್ಲಿ ಬರಬೇಕು ಎಂಬುದು ಮಾತ್ರ ಎರಡರಲ್ಲೂ ಇರಲಿಲ್ಲ. "ಸರ್, ಯಾವ ದೇಶ ಒಳ್ಳೆಯದು?" ಎಂದು ಅವರು ಕೇಳಿದರು. ಈ ಪ್ರಶ್ನೆ ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಹಾಕಿಯವರಷ್ಟೇ ಅಲ್ಲ, ಗೋಣಿಕೊಪ್ಪ, ವಿರಾಜಪೇಟೆ, ಮಡಿಕೇರಿಗಳಲ್ಲಿ ಟೆನಿಸ್, ಬ್ಯಾಡ್ಮಿಂಟನ್, ಅಥ್ಲೆಟಿಕ್ಸ್ ಕಲಿಸುವವರೂ ಕೇಳುತ್ತಾರೆ. ಆಸ್ಟ್ರೇಲಿಯದ ಕ್ಲಬ್ಬೊಂದರಲ್ಲಿ ಎರಡು ಋತು ತರಬೇತಿ ಕೊಟ್ಟು ಮರಳಿದವನಾಗಿ, ಆ ಮೊದಲು ಅರ್ಜಿ ತುಂಬುವಾಗ ತಪ್ಪು ಮಾಡಿದವನಾಗಿ ನಾನು ಕೊಡುವ ಉತ್ತರ ಒಂದೇ: ದೇಶವನ್ನು ಆರಿಸುವ ಮೊದಲು ನಿಮ್ಮ ಕೈಯಲ್ಲಿರುವ ಕಾಗದಪತ್ರಗಳು ಯಾವ ವೀಸಾಕ್ಕೆ ಸಾಲುತ್ತವೆ ಎಂದು ನೋಡಿ.

ಅಳೆಯುವ ಮಾನದಂಡಗಳು

ಮೊದಲನೆಯದು, ನಿಮ್ಮನ್ನು ಕರೆಯುವವರು ಯಾರು ಮತ್ತು ಆ ಕರೆಗೆ ಯಾರ ಅನುಮೋದನೆ ಬೇಕು ಎಂಬುದು. ಬಹುತೇಕ ದೇಶಗಳಲ್ಲಿ ಕ್ಲಬ್ಬಿನ ಆಹ್ವಾನವೊಂದೇ ಸಾಲದು. ಒಂದೋ ಆ ಕ್ರೀಡೆಯ ರಾಷ್ಟ್ರೀಯ ಸಂಸ್ಥೆ ನಿಮ್ಮ ಮಟ್ಟವನ್ನು ದೃಢೀಕರಿಸಬೇಕು, ಇಲ್ಲವೇ ಕ್ಲಬ್ಬಿಗೆ ಹೊರದೇಶದವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಪರವಾನಗಿ ಇರಬೇಕು, ಕೆಲವೆಡೆ ಎರಡೂ ಬೇಕು. ಎರಡನೆಯದು ಸಂಬಳದ ಕನಿಷ್ಠ ಮಿತಿ. ಮೂರನೆಯದು ವೀಸಾದ ಅವಧಿ ಮತ್ತು ಅದು ಕಾಯಂ ವಾಸದ ಕಡೆಗೆ ಸಾಗುತ್ತದೆಯೇ ಎಂಬುದು. ನಾಲ್ಕನೆಯದು ಹೆಂಡತಿ ಅಥವಾ ಗಂಡ ಮತ್ತು ಮಕ್ಕಳನ್ನು ಜೊತೆಗೆ ಕರೆದೊಯ್ಯಬಹುದೇ, ಅದಕ್ಕೆ ಮುಂಗಡವಾಗಿ ಎಷ್ಟು ಹಣ ಕಟ್ಟಬೇಕು ಎಂಬುದು. ಐದನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ: ಕೆಲಸ ಕಳೆದುಕೊಂಡರೆ ಆ ದೇಶದಲ್ಲಿ ಎಷ್ಟು ದಿನ ಉಳಿದು ಬೇರೆ ಕೆಲಸ ಹುಡುಕಬಹುದು?

ಇವುಗಳ ಜೊತೆಗೆ ನಮ್ಮ ಊರಿನವರಿಗೆ ಇನ್ನೊಂದು ಲೆಕ್ಕವಿದೆ. ಮನೆಯಲ್ಲಿ ನಾಲ್ಕೈದು ಎಕರೆ ಕಾಫಿ ಇದ್ದು, ತೋಟ ನೋಡಿಕೊಳ್ಳಲು ವಯಸ್ಸಾದ ತಂದೆ ತಾಯಿ ಮಾತ್ರ ಇರುವವರಿಗೆ ವರ್ಷದ ಯಾವ ತಿಂಗಳುಗಳಲ್ಲಿ ಹೊರಗಿರಬೇಕು ಎಂಬುದು ಸಂಬಳದಷ್ಟೇ ಮುಖ್ಯ. ಅರೇಬಿಕಾ ಕೊಯ್ಲು ನವೆಂಬರ್ ಕೊನೆಗೆ ಶುರುವಾದರೆ ರೊಬಸ್ಟಾ ಕೊಯ್ಲು ಫೆಬ್ರುವರಿವರೆಗೂ ನಡೆಯುತ್ತದೆ, ಅದರ ಬೆನ್ನಿಗೇ ಹೂವಿಗಾಗಿ ಸ್ಪ್ರಿಂಕ್ಲರ್ ಹಚ್ಚುವ ಕೆಲಸ ಬರುತ್ತದೆ. ಈ ನಾಲ್ಕು ತಿಂಗಳು ಮನೆಯಲ್ಲಿ ಒಬ್ಬರಾದರೂ ಓಡಾಡುವವರು ಇರಲೇಬೇಕು.

ಬ್ರಿಟನ್

ಬ್ರಿಟನ್ನಿನಲ್ಲಿ ತರಬೇತುದಾರರಿಗೆಂದೇ ಇರುವ ದಾರಿ ಇಂಟರ್‌ನ್ಯಾಷನಲ್ ಸ್ಪೋರ್ಟ್ಸ್‌ಪರ್ಸನ್ ವೀಸಾ. 2021ರ ಅಕ್ಟೋಬರಿನಲ್ಲಿ ಹಳೆಯ ಎರಡು ಕ್ರೀಡಾ ವೀಸಾಗಳನ್ನು ಒಂದುಗೂಡಿಸಿ ಇದನ್ನು ರೂಪಿಸಲಾಯಿತು. ಹೆಸರಿನಲ್ಲಿ ಕ್ರೀಡಾಪಟು ಎಂದಿದ್ದರೂ ಅರ್ಹ ತರಬೇತುದಾರರೂ ಇದರಡಿ ಬರುತ್ತಾರೆ. ಇದಕ್ಕೆ ಎರಡು ಕಾಗದಗಳು ಬೇಕು. ಒಂದು, ಹೊರದೇಶದವರನ್ನು ಕೆಲಸಕ್ಕೆ ಕರೆಸುವ ಸ್ಪಾನ್ಸರ್ ಪರವಾನಗಿ ಹೊಂದಿದ ಕ್ಲಬ್ ಅಥವಾ ಸಂಸ್ಥೆ ನೀಡುವ ಪ್ರಾಯೋಜಕತ್ವದ ಪ್ರಮಾಣಪತ್ರ. ಎರಡು, ಆ ಕ್ರೀಡೆಯ ಮಾನ್ಯತೆ ಪಡೆದ ಆಡಳಿತ ಸಂಸ್ಥೆಯ ಅನುಮೋದನೆ. ಹಾಕಿಗಾದರೆ ಇಂಗ್ಲೆಂಡ್ ಹಾಕಿ ಸಂಸ್ಥೆ ಆ ಅನುಮೋದನೆ ಕೊಡಬೇಕು. ನೀವು ನಿಮ್ಮ ಕ್ರೀಡೆಯಲ್ಲಿ ಅತ್ಯುನ್ನತ ಮಟ್ಟದಲ್ಲಿದ್ದೀರಿ ಮತ್ತು ನಿಮ್ಮಿಂದ ಅಲ್ಲಿನ ಕ್ರೀಡೆಗೆ ಗಣನೀಯ ಪ್ರಯೋಜನವಿದೆ ಎಂದು ಅದು ಒಪ್ಪಬೇಕು. ಭಾರತ ತಂಡದಲ್ಲಿ ಆಡಿ ಬಳಿಕ ಹಿರಿಯ ಮಟ್ಟದ ತಂಡಗಳಿಗೆ ತರಬೇತಿ ಕೊಟ್ಟವರಿಗೆ ಇದು ಸಾಧ್ಯವಾಗುವ ದಾರಿ. ಶಾಲಾ ತಂಡಗಳಿಗೆ ಹತ್ತು ವರ್ಷ ಕಲಿಸಿದ, ಆದರೆ ರಾಜ್ಯ ಮಟ್ಟ ದಾಟದವರಿಗೆ ಅವರು ಎಷ್ಟೇ ಒಳ್ಳೆಯ ಗುರುವಾಗಿದ್ದರೂ ಈ ಬಾಗಿಲು ತೆರೆಯುವುದು ಕಷ್ಟ. ಇದನ್ನು ಬೇಸರದಿಂದಲೇ ಬರೆಯುತ್ತಿದ್ದೇನೆ, ಏಕೆಂದರೆ ನಮ್ಮ ಜಿಲ್ಲೆಯ ಒಳ್ಳೆಯ ಕೋಚ್‌ಗಳಲ್ಲಿ ಹೆಚ್ಚಿನವರು ಈ ಎರಡನೆಯ ಗುಂಪಿನವರು.

12 ತಿಂಗಳವರೆಗಿನ ವೀಸಾಕ್ಕೆ ಇಂಗ್ಲಿಷ್ ಪರೀಕ್ಷೆ ಬೇಕಿಲ್ಲ. ಅದಕ್ಕಿಂತ ಹೆಚ್ಚು ಅವಧಿಗಾದರೆ ಎ1 ಎಂಬ ಪ್ರಾಥಮಿಕ ಮಟ್ಟ ಸಾಕು. ಒಮ್ಮೆಗೆ ಗರಿಷ್ಠ 3 ವರ್ಷ ಸಿಗುತ್ತದೆ, ಬಳಿಕ ವಿಸ್ತರಿಸಿಕೊಳ್ಳಬಹುದು. ದೀರ್ಘಾವಧಿಯ ವೀಸಾದಲ್ಲಿ 5 ವರ್ಷ ಕಳೆದ ಮೇಲೆ ಕಾಯಂ ವಾಸಕ್ಕೆ ಅರ್ಜಿ ಹಾಕುವ ವ್ಯವಸ್ಥೆ ಇದೆ, ಆದರೆ 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಅಲ್ಲಿನ ಸರ್ಕಾರ ಈ ಸಾಮಾನ್ಯ ಅವಧಿಯನ್ನು 10 ವರ್ಷಕ್ಕೆ ಏರಿಸುವ ಪ್ರಸ್ತಾವ ಮುಂದಿಟ್ಟಿರುವುದರಿಂದ 5 ವರ್ಷವನ್ನೇ ನಂಬಿ ತೋಟ ಮಾರುವಂಥ ನಿರ್ಧಾರಕ್ಕೆ ಹೋಗಬಾರದು.

ಕುಟುಂಬವನ್ನು ಕರೆದೊಯ್ಯಬಹುದು, ಆದರೆ ಹಣದ ಭಾರವನ್ನು ಕಾಗದದ ಮೇಲೆ ಬರೆದು ನೋಡಿ. ವೀಸಾ ಶುಲ್ಕದ ಜೊತೆಗೆ ಆರೋಗ್ಯ ಸೇವೆಯ ಶುಲ್ಕವೆಂದು ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776 ಪೌಂಡ್‌ನಂತೆ ಇಡೀ ಅವಧಿಯ ಮೊತ್ತವನ್ನು ಅರ್ಜಿಯ ಹೊತ್ತಿಗೇ ಕಟ್ಟಬೇಕು. ಗಂಡ, ಹೆಂಡತಿ, ಒಂದು ಮಗು 3 ವರ್ಷಕ್ಕೆ ಹೊರಟರೆ ಈ ಬಾಬ್ತು ಒಂದೇ 8,538 ಪೌಂಡ್, ಎಂದರೆ ಸುಮಾರು ಹತ್ತು ಲಕ್ಷ ರೂಪಾಯಿ. ಕ್ಲಬ್ ಇದನ್ನು ಭರಿಸುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಕೆಲಸ ಹೋದರೆ ಸಾಮಾನ್ಯವಾಗಿ 60 ದಿನಗಳ ಕಾಲಾವಕಾಶ ಮಾತ್ರ ಸಿಗುತ್ತದೆ.

ಕುಶಲ ಕೆಲಸಗಾರರಿಗೆ ಕೊಡುವ ಸ್ಕಿಲ್ಡ್ ವರ್ಕರ್ ವೀಸಾದ ಬಗ್ಗೆ ಇನ್ನೂ ಹಳೆಯ ಮಾಹಿತಿ ಹರಿದಾಡುತ್ತಿದೆ. 2025ರ ಜುಲೈ 22ರಿಂದ ಆ ವೀಸಾಕ್ಕೆ ಸಾಮಾನ್ಯವಾಗಿ ಪದವಿ ಮಟ್ಟದ ಉದ್ಯೋಗವೇ ಆಗಿರಬೇಕು, ವರ್ಷದ ಸಂಬಳದ ಸಾಮಾನ್ಯ ಮಿತಿ 41,700 ಪೌಂಡ್. ಕ್ರೀಡಾ ತರಬೇತಿಯನ್ನು ಪದವಿಗಿಂತ ಕೆಳಗಿನ ಮಟ್ಟದಲ್ಲಿ ವರ್ಗೀಕರಿಸಲಾಗಿರುವುದರಿಂದ ಹೊಸಬರಿಗೆ ಆ ದಾರಿ ಬಹುಮಟ್ಟಿಗೆ ಮುಚ್ಚಿದಂತೆಯೇ. ಎರಡು ವರ್ಷದ ಹಿಂದೆ ಅದೇ ವೀಸಾದಲ್ಲಿ ಹೋದವರ ಮಾತನ್ನು ಇಂದಿಗೆ ಅನ್ವಯಿಸಬೇಡಿ.

ಓದಲು ಹೋಗುವ ಮಕ್ಕಳಿಗೂ ಇಲ್ಲಿ ಒಂದು ಮಾತು ಹೇಳಲೇಬೇಕು. ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ವಾರಕ್ಕೆ ಇಷ್ಟು ಗಂಟೆ ದುಡಿಯಬಹುದು ಎಂಬುದು ಎಲ್ಲರಿಗೂ ಗೊತ್ತು. ಆದರೆ ವೃತ್ತಿಪರ ಕ್ರೀಡಾಪಟುವಾಗಿ ದುಡಿಯುವುದನ್ನು ಅದರ ಷರತ್ತೇ ನಿಷೇಧಿಸುತ್ತದೆ, ಮತ್ತು ಕ್ರೀಡಾ ತರಬೇತುದಾರನ ಕೆಲಸವೂ ಆ ನಿಷೇಧದೊಳಗೆ ಬರುತ್ತದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಅಂಗಡಿಯಲ್ಲಿ ಬಿಲ್ ಹಾಕಬಹುದು, ಸಂಜೆ ಕ್ಲಬ್ಬಿನಲ್ಲಿ ಹಣ ಪಡೆದು ಕೋಚಿಂಗ್ ಮಾಡುವಂತಿಲ್ಲ. ಓದು ಮುಗಿದ ಮೇಲೆ ಸಿಗುವ ಗ್ರ್ಯಾಜುಯೇಟ್ ವೀಸಾದಲ್ಲೂ ಈ ನಿಷೇಧ ಮುಂದುವರಿಯುತ್ತದೆ. "ಓದಲು ಬಂದುಬಿಡಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ" ಎನ್ನುವ ಕ್ಲಬ್ ನಿಮ್ಮ ಭವಿಷ್ಯವನ್ನು ಅಪಾಯಕ್ಕೆ ಒಡ್ಡುತ್ತಿದೆ.

ಆಸ್ಟ್ರೇಲಿಯ

ಇಲ್ಲಿ ಆಯ್ಕೆಗಳು ಹೆಚ್ಚು, ಆದ್ದರಿಂದ ಗೊಂದಲವೂ ಹೆಚ್ಚು. ನಾನು ಹೋದದ್ದು ಸಬ್‌ಕ್ಲಾಸ್ 408 ಎಂಬ ತಾತ್ಕಾಲಿಕ ಚಟುವಟಿಕೆಯ ವೀಸಾದಲ್ಲಿ. ಅದರ ಕ್ರೀಡಾ ವಿಭಾಗದಲ್ಲಿ ಆಡಲು, ತರಬೇತಿ ಕೊಡಲು, ಪಂದ್ಯ ನಡೆಸಿಕೊಡಲು ಗರಿಷ್ಠ 2 ವರ್ಷ ಇರಬಹುದು. ಕ್ಲಬ್ಬಿನೊಂದಿಗಿನ ಒಪ್ಪಂದ ಮತ್ತು ಆ ಕ್ರೀಡೆಯ ರಾಷ್ಟ್ರೀಯ ಸಂಸ್ಥೆಯ ಬೆಂಬಲ ಪತ್ರ ಬೇಕು. 3 ತಿಂಗಳು ಮೀರಿ ಇರುವುದಾದರೆ ಕ್ಲಬ್ ಅನುಮೋದಿತ ಸ್ಪಾನ್ಸರ್ ಆಗಿರಬೇಕು. ಬ್ರಿಟನ್ನಿನ ಕ್ರೀಡಾ ವೀಸಾಕ್ಕಿಂತ ಇಲ್ಲಿನ ಮಟ್ಟದ ನಿರೀಕ್ಷೆ ಸ್ವಲ್ಪ ಸಡಿಲ. ರಾಜ್ಯ ಮಟ್ಟದಲ್ಲಿ ತರಬೇತಿ ಕೊಡುವ ಸಾಮರ್ಥ್ಯವನ್ನು ತೋರಿಸಿದರೂ ಪರಿಗಣಿಸುತ್ತಾರೆ. ಆದರೆ ಈ ವೀಸಾ ತಾನಾಗಿ ಕಾಯಂ ವಾಸಕ್ಕೆ ಕರೆದೊಯ್ಯುವುದಿಲ್ಲ. ಹೋಗಿ, ಕಲಿತು, ಕಲಿಸಿ, ಮರಳುವವರಿಗೆ ಇದು ಹೇಳಿ ಮಾಡಿಸಿದ್ದು.

ನೆಲೆಸುವ ಉದ್ದೇಶವಿದ್ದವರು ನೋಡಬೇಕಾದದ್ದು ಉದ್ಯೋಗದಾತರೇ ಸ್ಪಾನ್ಸರ್ ಆಗುವ ಕೆಲಸದ ವೀಸಾ, ಸಬ್‌ಕ್ಲಾಸ್ 482. 2024ರ ಡಿಸೆಂಬರ್ 7ರಿಂದ ಇದಕ್ಕೆ ಸ್ಕಿಲ್ಸ್ ಇನ್ ಡಿಮ್ಯಾಂಡ್ ಎಂಬ ಹೊಸ ಹೆಸರು, ಹೊಸ ಉದ್ಯೋಗ ಪಟ್ಟಿ ಬಂದಿದೆ. ಸಂಬಂಧಿತ ಕೆಲಸದಲ್ಲಿ ಕನಿಷ್ಠ 1 ವರ್ಷದ ಅನುಭವ ಬೇಕು. ಆ ಪಟ್ಟಿಯ ಉದ್ಯೋಗಗಳಿಗಾಗಿ ಇರುವ ಕೋರ್ ಸ್ಕಿಲ್ಸ್ ವಿಭಾಗದಲ್ಲಿ ವರ್ಷದ ಸಂಬಳ 2025ರ ಜುಲೈ 1ರಿಂದ ಕನಿಷ್ಠ 76,515 ಆಸ್ಟ್ರೇಲಿಯನ್ ಡಾಲರ್ ಇರಬೇಕು, ಮತ್ತು ಪ್ರತಿ ಜುಲೈಯಲ್ಲೂ ಈ ಮೊತ್ತವನ್ನು ಪರಿಷ್ಕರಿಸುತ್ತಾರೆ. ಸಣ್ಣ ಹಾಕಿ ಕ್ಲಬ್ಬಿಗೆ ಇಷ್ಟು ಸಂಬಳ ಕೊಡುವ ಶಕ್ತಿ ಇರುವುದು ಅಪರೂಪ, ದೊಡ್ಡ ಖಾಸಗಿ ಶಾಲೆಗೆ ಅಥವಾ ಟೆನಿಸ್ ಅಕಾಡೆಮಿಗೆ ಇರಬಹುದು. ಇನ್ನೊಂದು ಸೂಕ್ಷ್ಮವೆಂದರೆ ಉದ್ಯೋಗದ ಸಂಕೇತ ಸಂಖ್ಯೆ. ಟೆನಿಸ್ ಕೋಚ್‌ಗೆ 452316 ಎಂಬ ಪ್ರತ್ಯೇಕ ಸಂಖ್ಯೆ ಇದೆ, ಈಜು ಮತ್ತು ಜಿಮ್ನಾಸ್ಟಿಕ್ಸ್‌ಗೂ ಪ್ರತ್ಯೇಕವಾಗಿವೆ. ಹಾಕಿ, ಬ್ಯಾಡ್ಮಿಂಟನ್, ಅಥ್ಲೆಟಿಕ್ಸ್ ಕಲಿಸುವವರೆಲ್ಲರೂ 452317 ಎಂಬ ಇತರ ಕ್ರೀಡಾ ತರಬೇತುದಾರರ ಗುಂಪಿಗೆ ಸೇರುತ್ತಾರೆ. ಅರ್ಜಿಗೆ ಹಣ ಕಟ್ಟುವ ದಿನ ನಿಮ್ಮ ಸಂಖ್ಯೆ ಚಾಲ್ತಿಯ ಪಟ್ಟಿಯಲ್ಲಿದೆಯೇ ಎಂದು ಅಲ್ಲಿನ ಗೃಹ ಇಲಾಖೆಯ ಜಾಲತಾಣದಲ್ಲಿ ನೀವೇ ನೋಡಿ. ಒಂದೇ ಊರಿನ ಟೆನಿಸ್ ಕೋಚ್ ಮತ್ತು ಹಾಕಿ ಕೋಚ್ ಒಂದೇ ವರ್ಷ ಅರ್ಜಿ ಹಾಕಿದರೂ ಇಬ್ಬರಿಗೂ ಒಂದೇ ಉತ್ತರ ಬರಬೇಕೆಂದಿಲ್ಲ.

482ರ ದೊಡ್ಡ ಅನುಕೂಲವೆಂದರೆ ಭದ್ರತೆ. ಕೆಲಸ ಹೋದರೆ ಒಮ್ಮೆಗೆ 180 ದಿನ, ಒಟ್ಟಾರೆ 365 ದಿನದವರೆಗೆ ಬೇರೆ ಸ್ಪಾನ್ಸರ್ ಹುಡುಕಲು ಅವಕಾಶವಿದೆ. 2 ವರ್ಷ ದುಡಿದ ಮೇಲೆ, ವಯಸ್ಸು 45 ತುಂಬಿರದಿದ್ದರೆ, ಉದ್ಯೋಗದಾತರ ಮೂಲಕ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಬ್ರಿಟನ್ನಿನ 60 ದಿನಗಳ ಪಕ್ಕದಲ್ಲಿ ಇದನ್ನು ಇಟ್ಟು ನೋಡಿದರೆ, ಮಕ್ಕಳನ್ನು ಶಾಲೆಗೆ ಸೇರಿಸಿದ ತಂದೆ ತಾಯಿಗೆ ಯಾವುದರಲ್ಲಿ ನಿದ್ದೆ ಬರುತ್ತದೆ ಎಂಬುದು ಸ್ಪಷ್ಟ.

ಇಪ್ಪತ್ತರ ಹರೆಯದವರಿಗೆ ಮೂರನೆಯ ದಾರಿಯೊಂದು ಈಚೆಗೆ ತೆರೆದಿದೆ. ಸಬ್‌ಕ್ಲಾಸ್ 462 ಎಂಬ ವರ್ಕ್ ಅಂಡ್ ಹಾಲಿಡೇ ವೀಸಾಕ್ಕೆ 2024ರಿಂದ ಭಾರತೀಯರಿಗೂ ವರ್ಷಕ್ಕೆ 1,000 ಸ್ಥಾನಗಳಿವೆ. 18ರಿಂದ 30 ವರ್ಷದೊಳಗಿನವರು 25 ಡಾಲರ್ ಕಟ್ಟಿ ಹೆಸರು ನೋಂದಾಯಿಸಬೇಕು. ಚೀಟಿ ಎತ್ತಿ ಆಯ್ಕೆ ಮಾಡುತ್ತಾರೆ. ಪಿಯುಸಿಯ ನಂತರ ಕನಿಷ್ಠ 2 ವರ್ಷದ ಓದು, ಸಾಧಾರಣ ಇಂಗ್ಲಿಷ್, ಖರ್ಚಿಗೆ ಸುಮಾರು 5,000 ಡಾಲರ್ ತೋರಿಸಬೇಕು. ಸ್ಪಾನ್ಸರ್ ಬೇಡ, ಕ್ರೀಡಾ ಸಂಸ್ಥೆಯ ಪತ್ರವೂ ಬೇಡ. 12 ತಿಂಗಳು ಇರಬಹುದು, ಸಾಮಾನ್ಯವಾಗಿ ಒಬ್ಬ ಉದ್ಯೋಗದಾತರ ಬಳಿ 6 ತಿಂಗಳು ಮಾತ್ರ ದುಡಿಯಬಹುದು, ಕುಟುಂಬವನ್ನು ಕರೆದೊಯ್ಯುವಂತಿಲ್ಲ.

ಈ 6 ತಿಂಗಳ ಮಿತಿ ಬೇರೆ ಕೆಲಸದವರಿಗೆ ತೊಡಕು, ಹಾಕಿಯವರಿಗೆ ಅಲ್ಲ. ಆಸ್ಟ್ರೇಲಿಯದ ಹಾಕಿ ಋತು ಅಲ್ಲಿನ ಚಳಿಗಾಲದಲ್ಲಿ, ಸುಮಾರು ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ನಡೆಯುತ್ತದೆ. ನಮ್ಮಲ್ಲಿ ರೊಬಸ್ಟಾ ಕೊಯ್ಲು, ನೀರು ಹಾಯಿಸುವ ಕೆಲಸ ಮುಗಿದ ಮೇಲೆ ಹೊರಟು, ಮಳೆಗಾಲವಿಡೀ ಅಲ್ಲಿದ್ದು, ಪುತ್ತರಿ ಹಬ್ಬಕ್ಕೆ ಮತ್ತು ಕಾಫಿ ಕೊಯ್ಲಿಗೆ ಮನೆ ಸೇರಬಹುದು. ನನ್ನ ಎರಡೂ ಋತುಗಳು ಹೀಗೆಯೇ ಕಳೆದವು. ಬಿಟ್ಟುಕೊಟ್ಟದ್ದು ಒಂದನ್ನು: ಬೇಸಿಗೆಯಲ್ಲಿ ನಡೆಯುವ ಕೊಡವ ಕೌಟುಂಬಿಕ ಹಾಕಿ ಉತ್ಸವವನ್ನು. ಒಕ್ಕದ, ಎಂದರೆ ನಮ್ಮ ಮನೆತನದ, ತಂಡ ಆಡುವಾಗ ಸಾವಿರಾರು ಮೈಲಿ ದೂರದಲ್ಲಿ ಫೋನಿನಲ್ಲಿ ಸ್ಕೋರ್ ಕೇಳುವುದು ಸುಲಭದ ಮಾತಲ್ಲ. ಇಂಗ್ಲೆಂಡಿನ ಋತು ಇದಕ್ಕೆ ತದ್ವಿರುದ್ಧ. ಸೆಪ್ಟೆಂಬರಿನಿಂದ ವಸಂತದವರೆಗೆ ನಡೆಯುವುದರಿಂದ ಇಡೀ ಕೊಯ್ಲಿನ ಕಾಲ ಅಲ್ಲೇ ಕಳೆಯುತ್ತದೆ.

ಜರ್ಮನಿ, ಕೆನಡಾ, ಅಮೆರಿಕ

ಜರ್ಮನಿಯ ನಿಯಮ ಮೆಚ್ಚುವಷ್ಟು ನೇರ. ವೃತ್ತಿಪರ ತರಬೇತುದಾರರಿಗೆ ಅಲ್ಲಿನ ಉದ್ಯೋಗ ನಿಯಮಾವಳಿಯಲ್ಲಿ ಪ್ರತ್ಯೇಕ ಅವಕಾಶವಿದೆ: ಆ ಕ್ರೀಡೆಯ ರಾಷ್ಟ್ರೀಯ ಒಕ್ಕೂಟ ನಿಮ್ಮ ವೃತ್ತಿ ಅರ್ಹತೆಯನ್ನು ದೃಢಪಡಿಸಬೇಕು, ಸಂಬಳವು ಪಿಂಚಣಿ ವಿಮೆಯ ವಂತಿಗೆಗೆ ಲೆಕ್ಕ ಹಿಡಿಯುವ ಗರಿಷ್ಠ ಸಂಬಳದ ಅರ್ಧಕ್ಕಿಂತ ಕಡಿಮೆಯಿರಬಾರದು. 2025ರಲ್ಲಿ ಅದು ತಿಂಗಳಿಗೆ 4,025 ಯೂರೊ ಇತ್ತು, 2026ಕ್ಕೆ 4,225 ಯೂರೊ. ಜರ್ಮನ್ ಕ್ಲಬ್ಬುಗಳು ಮಕ್ಕಳ ವಿಭಾಗಕ್ಕೆ ಹೊರಗಿನ ಕೋಚ್‌ಗಳನ್ನು ಇಷ್ಟಪಟ್ಟು ಕರೆಯುತ್ತವೆ, ಆದರೆ ಆ ಸಂಬಳ ಕೊಡುವವು ಕಡಿಮೆ. ಹಾಗಾಗಿ ಕೆಲವು ಕ್ಲಬ್ಬುಗಳು ಯುವಕರನ್ನು ಒಂದು ವರ್ಷದ ಸ್ವಯಂಸೇವಾ ಯೋಜನೆಯಲ್ಲಿ ಕರೆಸಿಕೊಳ್ಳುತ್ತವೆ. ಅದರಲ್ಲಿ ಕೈಖರ್ಚಿಗೆ ಹಣ ಸಿಗುತ್ತದೆ, ಉಳಿತಾಯವಾಗುವುದಿಲ್ಲ. ಇಪ್ಪತ್ತೆರಡರ ಹುಡುಗನಿಗೆ, ಹುಡುಗಿಗೆ ಭಾಷೆ ಕಲಿಯಲು, ಒಳಾಂಗಣ ಹಾಕಿ ನೋಡಲು ಅದು ಒಳ್ಳೆಯ ವರ್ಷ; ಸಾಲ ತೀರಿಸಬೇಕಾದವರಿಗೆ ಅಲ್ಲ.

ಕೆನಡಾದಲ್ಲಿ ಕಲಾವಿದರು ಮತ್ತು ಕ್ರೀಡಾಳುಗಳಿಗಾಗಿ ಇದ್ದ ಸ್ವಯಂ ಉದ್ಯೋಗಿಗಳ ಯೋಜನೆಗೆ 2024ರ ಏಪ್ರಿಲ್ 30ರಿಂದ ಹೊಸ ಅರ್ಜಿ ತೆಗೆದುಕೊಳ್ಳುವುದನ್ನು ನಿಲ್ಲಿಸಲಾಯಿತು, 2027ರ ಜನವರಿಯವರೆಗೆ ಎಂದು ಘೋಷಿಸಲಾಗಿತ್ತು. ಅಂಕಗಳ ಆಧಾರದಲ್ಲಿ ಕಾಯಂ ವಾಸಕ್ಕೆ ಆಯ್ಕೆ ಮಾಡುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಕೋಚ್ ಉದ್ಯೋಗ 53201 ಎಂಬ ಸಂಖ್ಯೆಯಡಿ ಅರ್ಹ. ಅದಕ್ಕೆ ಸಂಬಳ ಸಹಿತ, ನಿರಂತರ 1 ವರ್ಷದ ಪೂರ್ಣಾವಧಿ ಅನುಭವ ಮತ್ತು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ನಾಲ್ಕೂ ವಿಭಾಗಗಳಲ್ಲಿ ಕನಿಷ್ಠ 6 ಅಂಕ ಬೇಕು, ಅದರ ಮೇಲೂ ಅಂಕಗಳ ಪೈಪೋಟಿ ಇದೆ. ಬೇಸಿಗೆ ಶಿಬಿರದಲ್ಲಿ, ಒಕ್ಕದ ತಂಡಕ್ಕೆ ಪ್ರೀತಿಯಿಂದ ಕಲಿಸಿದ ವರ್ಷಗಳು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು ಎಚ್ಚರ: ಕೆನಡಾದಲ್ಲಿ ಬರೀ ಹಾಕಿ ಎಂದರೆ ಮಂಜಿನ ಮೇಲೆ ಆಡುವ ಐಸ್ ಹಾಕಿ. ಪ್ರಮಾಣಪತ್ರಗಳಲ್ಲೆಲ್ಲ ಫೀಲ್ಡ್ ಹಾಕಿ ಎಂದು ಬರೆಸಿಕೊಳ್ಳಿ.

ಅಮೆರಿಕದ ಒ-1ಎ ವೀಸಾ ಅಸಾಧಾರಣ ಸಾಧಕರಿಗೆ ಮೀಸಲು. ಆಟಗಾರನಾಗಿ ಗೆದ್ದ ಪದಕಗಳಷ್ಟೇ ಸಾಲದು, ಕೋಚ್ ಆಗಿಯೇ ಏನು ಸಾಧಿಸಿದಿರಿ ಎಂದು ಅಲ್ಲಿನ ಅಧಿಕಾರಿಗಳು ಪ್ರತ್ಯೇಕವಾಗಿ ಕೇಳುತ್ತಾರೆ. ಅಂಥ ದಾಖಲೆ ಇರುವವರಿಗೆ ಈ ಲೇಖನದ ಅಗತ್ಯ ಕಡಿಮೆ.

ಕೊಲ್ಲಿ ರಾಷ್ಟ್ರಗಳು

ಬೇಗ ಹೋಗಬೇಕು, ಕಡಿಮೆ ಖರ್ಚಿನಲ್ಲಿ ಹೋಗಬೇಕು, ಒಂದಿಷ್ಟು ಹಣ ಕೂಡಿಡಬೇಕು ಎನ್ನುವವರಿಗೆ ಯುಎಇ ಇಂದಿಗೂ ಗಟ್ಟಿ ಆಯ್ಕೆ. ಸಂಬಳಕ್ಕೆ ಆದಾಯ ತೆರಿಗೆಯಿಲ್ಲ, ಅಕಾಡೆಮಿಯೇ ವೀಸಾ ಮಾಡಿಸುತ್ತದೆ. ನೇಮಕಾತಿಯ ಮತ್ತು ವೀಸಾದ ಖರ್ಚನ್ನು ನೌಕರನಿಂದ ವಸೂಲಿ ಮಾಡುವಂತಿಲ್ಲ ಎಂದು ಅಲ್ಲಿನ ಕಾನೂನು ಹೇಳುತ್ತದೆ. ತಿಂಗಳಿಗೆ 4,000 ದಿರ್ಹಮ್, ಅಥವಾ ವಸತಿಯೊಂದಿಗೆ 3,000 ದಿರ್ಹಮ್ ಸಂಬಳವಿದ್ದರೆ ಕುಟುಂಬವನ್ನು ಕರೆಸಿಕೊಳ್ಳಬಹುದು. ಆದರೆ ಎಷ್ಟು ವರ್ಷ ದುಡಿದರೂ ಆ ದುಡಿಮೆಯಿಂದ ಕಾಯಂ ವಾಸ ಸಿಗುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ ಹೊರಡಬೇಕು.

ಒಪ್ಪಂದದಲ್ಲಿ ಒಟ್ಟು ಸಂಬಳಕ್ಕಿಂತ ಮೂಲ ವೇತನವನ್ನು ನೋಡಿ. ಕೆಲಸ ಬಿಡುವಾಗ ಸಿಗುವ ಗ್ರ್ಯಾಚುಯಿಟಿಯನ್ನು ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲ ವೇತನದಂತೆ ಲೆಕ್ಕ ಹಾಕುತ್ತಾರೆ. ಭತ್ಯೆ ದೊಡ್ಡದು, ಮೂಲ ವೇತನ ಸಣ್ಣದು ಎಂದಾದರೆ ಕೊನೆಗೆ ಕೈಗೆ ಬರುವುದು ಅಲ್ಪ. ಹತ್ತನೇ ತರಗತಿ ದಾಟದೆ ಆಟಕ್ಕೆ ಇಳಿದವರ ಪಾಸ್‌ಪೋರ್ಟಿನಲ್ಲಿ ಇಸಿಆರ್ (ವಲಸೆ ಪರಿಶೀಲನೆ ಅಗತ್ಯ) ಎಂದಿದ್ದರೆ ಭಾರತ ಸರ್ಕಾರದ ವಲಸೆ ಅನುಮತಿ ಪಡೆಯಬೇಕು. ನೋಂದಾಯಿತ ಏಜೆಂಟರು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ಕೇಳುವಂತಿಲ್ಲ. ಎರಡು ಲಕ್ಷ, ಮೂರು ಲಕ್ಷ ಕೇಳುವವರ ಮುಂದೆ ಈ ಅಂಕಿಯನ್ನು ಹೇಳಿ ನೋಡಿ.

ಎಲ್ಲ ದಾರಿಗಳಿಗೂ ಬೇಕಾದ ಎರಡು ಕಾಗದಗಳು

ನನ್ನ ಮೊದಲ ಅರ್ಜಿ ತಡವಾದದ್ದು ಒಂದು ಅನುಭವ ಪತ್ರದಿಂದ. ನಾನು ಆರು ವರ್ಷ ಕಲಿಸಿದ ಶಾಲೆ "ಇವರು ನಮ್ಮಲ್ಲಿ ಉತ್ತಮವಾಗಿ ಸೇವೆ ಸಲ್ಲಿಸಿದ್ದಾರೆ" ಎಂದು ಬರೆದು ಮೊಹರು ಒತ್ತಿ ಕೊಟ್ಟಿತ್ತು. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ವಾರಕ್ಕೆ ಎಷ್ಟು ಗಂಟೆ, ಯಾವ ವಯಸ್ಸಿನ ತಂಡ, ಸಂಬಳ ಎಷ್ಟು, ಇವು ಯಾವುವೂ ಅದರಲ್ಲಿರಲಿಲ್ಲ. ಹೊಸ ಪತ್ರ ಬರುವಷ್ಟರಲ್ಲಿ ಆ ವರ್ಷದ ಋತುವೇ ಕಳೆದುಹೋಯಿತು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾ, ಅಂತರರಾಷ್ಟ್ರೀಯ ಹಾಕಿ ಒಕ್ಕೂಟದ (ಎಫ್‌ಐಎಚ್) ಕೋಚಿಂಗ್ ಹಂತಗಳು ಎಷ್ಟೇ ಬೆಲೆಯುಳ್ಳವಾದರೂ ಅನುಭವ ಪತ್ರ ಮತ್ತು ಸಂಬಳ ಜಮೆಯಾದ ಬ್ಯಾಂಕ್ ದಾಖಲೆ ಇಲ್ಲದೆ ಅವು ಅರ್ಧ ಮಾತ್ರ.

ಎರಡನೆಯದು ಹೆಸರು. ನಮ್ಮಲ್ಲಿ ಮನೆತನದ ಹೆಸರು ಮೊದಲು, ತಂದೆಯ ಹೆಸರು ನಡುವೆ, ಸ್ವಂತ ಹೆಸರು ಕೊನೆಗೆ. ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು, ಡಿಪ್ಲೊಮಾದಲ್ಲಿ ಹಿಂದುಮುಂದು. ಮೂರೂ ಒಬ್ಬರದೇ ಎಂದು ಹೊರದೇಶದ ಅಧಿಕಾರಿಗೆ ತಾನಾಗಿ ತಿಳಿಯುವುದಿಲ್ಲ. ಸಾಧ್ಯವಿದ್ದರೆ ಪಾಸ್‌ಪೋರ್ಟನ್ನೇ ಸರಿಪಡಿಸಿ. ಇಲ್ಲವಾದರೆ ಎಲ್ಲ ರೂಪಗಳನ್ನೂ ನಮೂದಿಸಿದ ಅಫಿಡವಿಟ್ಟನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ.

ಆ ಇಬ್ಬರಲ್ಲಿ ಇಂಗ್ಲೆಂಡಿನ ಪತ್ರ ಬಂದಿದ್ದವನಿಗೆ ಇಪ್ಪತ್ತಾರು ವರ್ಷ, ಮದುವೆಯಾಗಿಲ್ಲ. ಅವನ ಕೈಯಲ್ಲಿ ಕ್ಲಬ್ಬಿಗೆ ಎರಡೇ ಪ್ರಶ್ನೆ ಬರೆಸಿದೆ: ನಿಮಗೆ ಸ್ಪಾನ್ಸರ್ ಪರವಾನಗಿ ಇದೆಯೇ, ನನ್ನ ಮಟ್ಟಕ್ಕೆ ಇಂಗ್ಲೆಂಡ್ ಹಾಕಿಯ ಅನುಮೋದನೆ ಸಿಗುತ್ತದೆಯೇ? ಪರವಾನಗಿ ಇಲ್ಲವೆಂದು ನಾಲ್ಕನೆಯ ದಿನ ಉತ್ತರ ಬಂತು. ಅವನು ಈಗ 462ರ ಚೀಟಿಗೆ ಹೆಸರು ಕೊಡಲು ಕಾಯುತ್ತಿದ್ದಾನೆ. ಇನ್ನೊಬ್ಬಳಿಗೆ ಮೂವತ್ನಾಲ್ಕು, ಒಂದನೇ ತರಗತಿಗೆ ಹೋಗುವ ಮಗಳಿದ್ದಾಳೆ. ಅವಳನ್ನು ಕರೆದ ಕ್ಲಬ್ಬಿನ ಪಕ್ಕದಲ್ಲೇ ಒಂದು ಶಾಲೆಗೂ ಹಾಕಿ ಕೋಚ್ ಬೇಕಾಗಿದೆ. ಶಾಲೆಯೇ ಪೂರ್ಣಾವಧಿ ಕೆಲಸ ಕೊಟ್ಟು 482ಕ್ಕೆ ಸ್ಪಾನ್ಸರ್ ಆಗಬಹುದೇ ಎಂಬ ಪತ್ರವನ್ನು ಹೋದ ವಾರ ಇಬ್ಬರೂ ಕುಳಿತು ಬರೆದೆವು.